ಕಪ್ಪೆ ಮೊಟ್ಟೆಯ ಸಾರದಲ್ಲಿ ಡಿಎನ್‌ಎ ನಕಲು: ಮೊದಲ ಸಲ ಕೈ ಹಾಕುವವರಿಗೆ

"ಕಪ್ಪೆ ಮೊಟ್ಟೆ ಒಡೆದು, ಅದರ ರಸದಲ್ಲಿ ಡಿಎನ್‌ಎ ನಕಲು ಮಾಡಿಸಬಹುದಂತೆ, ಹೇಗೆ?" ಎಂ.ಎಸ್ಸಿ. ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎರಡು ತಿಂಗಳು ಬಿಟ್ಟು ಅದೇ ಹುಡುಗರ ಎರಡನೇ ಪ್ರಶ್ನೆ: "ಹೇಳಿದ ಹಾಗೇ ಮಾಡಿದೆ, ಏನೂ ಆಗಲಿಲ್ಲ. ಎಲ್ಲಿ ತಪ್ಪಿತು?" ಎರಡಕ್ಕೂ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ನಕಲು ಮಾಡಿಸುವುದು ನಿಮ್ಮ ಕೆಲಸವಲ್ಲ. ಅದಕ್ಕೆ ಬೇಕಾದ ಸಾಮಾನನ್ನೆಲ್ಲ ಕಪ್ಪೆ ಮೊದಲೇ ಮೊಟ್ಟೆಯೊಳಗೆ ತುಂಬಿಟ್ಟಿರುತ್ತದೆ. ಅದನ್ನು ಕೆಡಿಸದೆ ಟ್ಯೂಬಿಗೆ ಇಳಿಸುವುದಷ್ಟೇ ನಿಮ್ಮ ಕೆಲಸ. ಕೆಳಗಿನ ಎಚ್ಚರಿಕೆಗಳೆಲ್ಲ 'ಕೆಡಿಸಬೇಡಿ' ಅನ್ನುವುದರ ಬೇರೆ ಬೇರೆ ರೂಪ.

ಪಿಪೆಟ್ ಹಿಡಿಯುವ ಮೊದಲು

ನಮ್ಮ ದೇಹದ ಕೋಶವೊಂದು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಲು ಸುಮಾರು 8 ಗಂಟೆ ತೆಗೆದುಕೊಳ್ಳುತ್ತದೆ. ಝೆನೋಪಸ್ ಲೇವಿಸ್ ಅನ್ನುವ ಆಫ್ರಿಕಾದ ಕಪ್ಪೆಯ ಎಳೆಯ ಭ್ರೂಣದಲ್ಲಿ ಅದೇ ಕೆಲಸ ಸುಮಾರು 20 ನಿಮಿಷದಲ್ಲಿ ಮುಗಿಯುತ್ತದೆ. (ಇದರ ಹಿಂಗಾಲಿನ ಬೆರಳುಗಳಲ್ಲಿ ಕಪ್ಪು ಉಗುರು ಇರುತ್ತದೆ, ಹಾಗಾಗಿ ಉಗುರುಗಪ್ಪೆ ಅಂತಲೂ ಕರೆಯಬಹುದು.) ಅದರ ಡಿಎನ್‌ಎ ಏನು ಚಿಕ್ಕದಲ್ಲ. ಒಂದು ಸೆಟ್ ಕ್ರೋಮೋಸೋಮಿನ ಲೆಕ್ಕದಲ್ಲಿ ಸುಮಾರು 310 ಕೋಟಿ ಅಕ್ಷರ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನುತ್ತಿದ್ದೇನೆ). ನಮ್ಮದೂ ಹೆಚ್ಚುಕಮ್ಮಿ ಅಷ್ಟೇ.

ಹಾಗಾದರೆ ನಕಲು ಮಾಡುವ ಯಂತ್ರ ಅಲ್ಲಿ ಜಾಸ್ತಿ ವೇಗವಾಗಿ ಓಡುತ್ತದಾ? ಇಲ್ಲ. ನಿಮಿಷಕ್ಕೆ ಸುಮಾರು 500 ಅಕ್ಷರ, ಅಷ್ಟೇ. ಗುಟ್ಟು ಇರುವುದು ಶುರುವಾಗುವ ಜಾಗಗಳ ಸಂಖ್ಯೆಯಲ್ಲಿ. ಎಳೆಯ ಭ್ರೂಣದಲ್ಲಿ ಸುಮಾರು 10,000 ಅಕ್ಷರಕ್ಕೊಂದು ಕಡೆ ನಕಲು ಶುರುವಾಗುತ್ತದೆ. ಅಕ್ಕಪಕ್ಕದ ಎರಡು ಜಾಗಗಳಿಂದ ಹೊರಟ ಯಂತ್ರಗಳು ಎದುರುಬದುರಾಗಿ ಬಂದು ನಡುವೆ ಸೇರಬೇಕು. ಅಂದರೆ ಒಂದೊಂದಕ್ಕೆ 5,000 ಅಕ್ಷರದ ದಾರಿ. ಭಾಗಿಸಿ ನೋಡಿ, 10 ನಿಮಿಷ. ಉದ್ದ ಗದ್ದೆಯಲ್ಲಿ ನಾಟಿಗೆ ನಾಲ್ಕು ಆಳು ಇಳಿಸುವುದಕ್ಕೂ ನಾನೂರು ಆಳು ಇಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ಆಳಿನ ಕೈ ವೇಗ ಅದೇ.

ಇನ್ನೊಂದು ಸೋಜಿಗ: ಈ ಹಂತದಲ್ಲಿ ಎಲ್ಲಿ ಶುರು ಮಾಡಬೇಕು ಅನ್ನುವುದಕ್ಕೆ ಡಿಎನ್‌ಎಯಲ್ಲಿ ವಿಶೇಷ ಗುರುತು ಬೇಕಿಲ್ಲ. ಬ್ಯಾಕ್ಟೀರಿಯಾದ ಡಿಎನ್‌ಎ ಚುಚ್ಚಿದರೂ ಮೊಟ್ಟೆ ಅದನ್ನು ನಕಲು ಮಾಡುತ್ತದೆ, ಅದೂ ಕೋಶ ವಿಭಜನೆಯ ಒಂದು ಸುತ್ತಿನಲ್ಲಿ ಒಂದೇ ಸಲ. ಹಾರ್ಲಂಡ್ ಮತ್ತು ಲಾಸ್ಕಿ 1980ರಲ್ಲೇ ಇದನ್ನು ತೋರಿಸಿದರು.

ಈಗ ಬಹಳ ಜನ ಎಡವುವ ಜಾಗ. 'ಕಪ್ಪೆಯ ಅಂಡ' ಅಂದಾಗ ಎರಡು ಬೇರೆ ವಸ್ತುಗಳು ಮನಸ್ಸಿಗೆ ಬರುತ್ತವೆ. ಅಂಡಾಶಯದೊಳಗೆ ಇನ್ನೂ ಬೆಳೆಯುತ್ತಿರುವ ಊಸೈಟ್ ಒಂದು. ಕಪ್ಪೆ ಹೊರಗೆ ಇಟ್ಟ ಮೊಟ್ಟೆ ಇನ್ನೊಂದು. ನೋಡಲು ಅಣ್ಣತಮ್ಮಂದಿರ ಹಾಗೆ. ಎರಡಕ್ಕೂ ಸುಮಾರು 1.2 ಮಿ.ಮೀ. ಅಡ್ಡಗಲ, ಅರ್ಧ ಕಪ್ಪು, ಅರ್ಧ ಕೆನೆ ಬಣ್ಣ. ಒಳಗಿನ ಕಥೆ ಮಾತ್ರ ಬೇರೆ. ಊಸೈಟ್ ಮೊದಲ ಮಿಯಾಸಿಸ್‌ನ ಆರಂಭದಲ್ಲೇ ನಿಂತಿರುತ್ತದೆ (ಮಿಯಾಸಿಸ್ ಅಂದರೆ ಕ್ರೋಮೋಸೋಮುಗಳು ಅರ್ಧಕ್ಕಿಳಿಯುವ ವಿಭಜನೆ). ಅದಕ್ಕೆ ಬೇರೆ ಕೋಶದ ನ್ಯೂಕ್ಲಿಯಸ್ ಚುಚ್ಚಿದರೆ ಆರ್‌ಎನ್‌ಎ ತಯಾರಾಗುತ್ತದೆ, ಡಿಎನ್‌ಎ ನಕಲಾಗುವುದಿಲ್ಲ. ಅದೇ ನ್ಯೂಕ್ಲಿಯಸ್ಸನ್ನು ಇಟ್ಟ ಮೊಟ್ಟೆಗೆ ಚುಚ್ಚಿ, ಡಿಎನ್‌ಎ ನಕಲು ಶುರುವಾಗುತ್ತದೆ. 1960ರ ದಶಕದಲ್ಲಿ ಜಾನ್ ಗರ್ಡನ್ ಮತ್ತು ಜೊತೆಗಾರರು ಮೆದುಳಿನ ಕೋಶದ ನ್ಯೂಕ್ಲಿಯಸ್ ಹಾಕಿ ಇದನ್ನು ಕಂಡರು. ಮೆದುಳಿನ ಆ ಕೋಶಗಳು ನಕಲು ಮಾಡುವುದನ್ನು ಎಂದೋ ಬಿಟ್ಟಿದ್ದವು ಅನ್ನುವುದು ನೆನಪಿರಲಿ.

ಊಸೈಟಿನಲ್ಲಿ ನಕಲೇ ನಡೆಯುವುದಿಲ್ಲ ಅಂತಲ್ಲ. ತೀರಾ ಎಳೆಯ ಊಸೈಟ್ ತನ್ನ ರೈಬೋಸೋಮ್ ಜೀನುಗಳನ್ನು ಮಾತ್ರ ಎತ್ತಿಕೊಂಡು ಲಕ್ಷಗಟ್ಟಲೆ ನಕಲು ಮಾಡಿಕೊಳ್ಳುತ್ತದೆ. ಮುಂದೆ ಬೇಕಾಗುವ ರೈಬೋಸೋಮುಗಳಿಗೆ ಅದು ಮುಂಗಡ ತಯಾರಿ. 1968ರಲ್ಲಿ ಗೊತ್ತಾದ ಸಂಗತಿ, ಚೆಂದದ್ದು, ಆದರೆ ನಮ್ಮ ಇವತ್ತಿನ ಕೆಲಸಕ್ಕೆ ಬರುವುದಿಲ್ಲ. ನಮಗೆ ಬೇಕಿರುವುದು ಇಟ್ಟ ಮೊಟ್ಟೆ. ಅಂಡಾಶಯ ಕತ್ತರಿಸಿ ತೆಗೆದದ್ದಲ್ಲ.

ಅನುಮತಿ, ಸಾಮಾನು

ಮಳೆಗಾಲದಲ್ಲಿ ಗದ್ದೆಯಿಂದ ಗೋಂಕರ ಕಪ್ಪೆ ಹಿಡಿದು ತರಬೇಡಿ. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅದು ಬಿಟ್ಟರೂ ಆ ಕಪ್ಪೆ ವರ್ಷದಲ್ಲಿ ಒಂದೇ ಕಾಲದಲ್ಲಿ ಮೊಟ್ಟೆ ಇಡುವಂಥದ್ದು, ಕೆಲಸಕ್ಕೆ ಸಿಗುವುದಿಲ್ಲ. ಝೆನೋಪಸ್ ಸಾಕಿರುವ ಪ್ರಯೋಗಾಲಯ ಹುಡುಕಿ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಸೂಜಿ ಮುಟ್ಟುವ ಹಾಗಿಲ್ಲ. ಈ ಕಪ್ಪೆ ನಮ್ಮ ನೆಲದ್ದಲ್ಲ, ಹೊರಗೆ ತಪ್ಪಿಸಿಕೊಂಡರೆ ತೊಂದರೆ. ಚಿಲಿ, ಫ್ರಾನ್ಸ್‌ಗಳಲ್ಲಿ ಹಾಗೆ ತಪ್ಪಿಸಿಕೊಂಡವು ಕೆರೆಗಳಲ್ಲಿ ನೆಲೆ ನಿಂತಿವೆ. ತೊಟ್ಟಿಯ ನೀರನ್ನೂ ಹಾಗೇ ಮೋರಿಗೆ ಬಿಡಬೇಡಿ, ಬೇರೆ ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ಅದರಲ್ಲಿ ಇರಬಹುದು.

ಉಪಕರಣಗಳಲ್ಲಿ ಮುಖ್ಯವಾದದ್ದು ತಂಪು ಮಾಡಬಲ್ಲ ಸೆಂಟ್ರಿಫ್ಯೂಜ್. ಟ್ಯೂಬುಗಳು ತಿರುಗುವಾಗ ಅಡ್ಡಕ್ಕೆ ಏಳುವಂಥ ರೋಟರ್ ಇರಬೇಕು. ಓರೆಯಾಗಿ ಕೂರುವ ರೋಟರಿನಲ್ಲಿ ಪದರಗಳು ಓರೆಯಾಗಿಯೇ ಬರುತ್ತವೆ, ಸೂಜಿ ಹಾಕುವಾಗ ಒಂದಕ್ಕೊಂದು ಬೆರೆಯುತ್ತವೆ. ಉಳಿದವನ್ನು ಆಯಾ ಹಂತದಲ್ಲೇ ಹೇಳುತ್ತೇನೆ. ಬಫರುಗಳನ್ನೆಲ್ಲ ಹಿಂದಿನ ದಿನವೇ ಮಾಡಿಡಿ. ಮೊಟ್ಟೆ ಕೈಗೆ ಬಂದ ಮೇಲೆ ತಕ್ಕಡಿ ಮುಂದೆ ನಿಲ್ಲುವಷ್ಟು ಪುರುಸೊತ್ತು ಇರುವುದಿಲ್ಲ.

1. ಕಪ್ಪೆಗೆ ಚುಚ್ಚುಮದ್ದು

ಎರಡು ಸಲ. ಮೊದಲನೆಯದು 3ರಿಂದ 7 ದಿನ ಮುಂಚೆ: ಗರ್ಭಿಣಿ ಕುದುರೆಯ ರಕ್ತದಿಂದ ತೆಗೆದ ಹಾರ್ಮೋನು, 50ರಿಂದ 100 ಯೂನಿಟ್. ಎರಡನೆಯದು ಹಿಂದಿನ ಸಂಜೆ: ಎಚ್‌ಸಿಜಿ, ಸುಮಾರು 500 ಯೂನಿಟ್. ಬೆಳಿಗ್ಗೆ ಬರುವಷ್ಟರಲ್ಲಿ ಮೊಟ್ಟೆ ಇರುತ್ತದೆ. ಎಚ್‌ಸಿಜಿ ಅಂದರೆ ಗರ್ಭಿಣಿಯ ಮೂತ್ರದಲ್ಲಿ ಸಿಗುವ ಹಾರ್ಮೋನು. 1930ರ ದಶಕದಿಂದ ಸುಮಾರು ಮೂರು ದಶಕ ಈ ಕಪ್ಪೆಯೇ ಗರ್ಭಪರೀಕ್ಷೆಯ ಕಿಟ್ ಆಗಿತ್ತು. ಹೆಂಗಸಿನ ಮೂತ್ರ ಚುಚ್ಚಿ, ಮರುದಿನ ಕಪ್ಪೆ ಮೊಟ್ಟೆ ಇಟ್ಟರೆ ಬಸುರು ಅಂತ ಲೆಕ್ಕ.

ಒಂದೊಂದು ಕಪ್ಪೆಗೆ ಒಂದೊಂದು ಡಬ್ಬಿ. ನೀರು 16ರಿಂದ 18 ಡಿಗ್ರಿ ಇರಲಿ, ಕ್ಲೋರಿನ್ ಇರಬಾರದು. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಿರಿ. ಅದಕ್ಕೆ ಉಪ್ಪು ಬೇಕು, 100 ಮಿಲಿಮೋಲಾರ್‌ನಷ್ಟು ಸೋಡಿಯಂ ಕ್ಲೋರೈಡ್. ಬರೀ ನೀರಿನಲ್ಲಿ ಬಿದ್ದ ಮೊಟ್ಟೆ ವೀರ್ಯಾಣು ಇಲ್ಲದೆಯೂ ತಾನಾಗಿ ಎದ್ದು ವಿಭಜನೆಯ ದಾರಿ ಹಿಡಿಯಬಹುದು. ನಿಮಗೆ ಅದು ನೀವು ಹೇಳಿದ ಹೊತ್ತಿಗೇ ಏಳಬೇಕು.

2. ಮೊಟ್ಟೆ ಆರಿಸುವುದು

ಇಡೀ ಪ್ರಯೋಗದ ಹಣೆಬರಹ ಬರೆಯುವುದು ಇಲ್ಲೇ. ಅಕ್ಕಿ ಆರಿಸುವ ತಾಳ್ಮೆ ಬೇಕು.

ಒಳ್ಳೆಯ ಮೊಟ್ಟೆ ಬಿಡಿಬಿಡಿಯಾಗಿರುತ್ತದೆ. ಕಪ್ಪು ಭಾಗ ಒಂದೇ ಸಮ ಬಣ್ಣ, ಕೆನೆ ಭಾಗ ಚೊಕ್ಕ, ನಡುವಿನ ಗೆರೆ ಸ್ಪಷ್ಟ. ಕೆಟ್ಟದ್ದು ಮೂರು ಥರ. ದಾರಕ್ಕೆ ಪೋಣಿಸಿದ ಹಾಗೆ ಅಂಟಿಕೊಂಡು ಬರುವುದು ಒಂದು. ಮಂಡಕ್ಕಿ ಹಾಗೆ ಬೆಳ್ಳಗೆ ಉಬ್ಬಿದ್ದು ಎರಡನೆಯದು, ಅದು ಆಗಲೇ ಸತ್ತಿರುತ್ತದೆ. ಮೂರನೆಯದು ಕಪ್ಪು ಬಣ್ಣ ಚದುರಿ ಮೊಸಾಯಿಕ್ ನೆಲದ ಹಾಗೆ ಕಾಣುವಂಥದ್ದು. ಅಗಲ ಬಾಯಿಯ ಪಿಪೆಟ್‌ನಿಂದ ಒಂದೊಂದೇ ಎತ್ತಿ ಹಾಕಿ. ಪಿಪೆಟ್‌ನ ತುದಿ ಕತ್ತರಿಸಿದರೆ ಅಗಲ ಬಾಯಿ ಆಯಿತು.

ಹತ್ತಕ್ಕೆ ಒಂದಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಆ ಕಪ್ಪೆಯ ಮೊಟ್ಟೆಯನ್ನೆಲ್ಲ ಬಿಟ್ಟುಬಿಡಿ. ಕಷ್ಟ, ಗೊತ್ತು. ಒಂದು ವಾರ ಕಾದಿರುತ್ತೀರಿ. ಆದರೂ ಬಿಡಿ. ಒಡೆದ ಮೊಟ್ಟೆ ಹೊರಹಾಕುವ ಕಿಣ್ವಗಳು ಪಕ್ಕದ ಒಳ್ಳೆಯ ಮೊಟ್ಟೆಗಳನ್ನೂ ಹಾಳು ಮಾಡುತ್ತವೆ. ಇದೇ ಕಾರಣಕ್ಕೆ ಎರಡು ಕಪ್ಪೆಗಳ ಮೊಟ್ಟೆಯನ್ನು ಬೆರೆಸುವುದೂ ಬೇಡ.

3. ಲೋಳೆ ಬಿಡಿಸುವುದು

ಪ್ರತಿ ಮೊಟ್ಟೆಯ ಸುತ್ತ ಲೋಳೆಯ ಕವಚ ಇರುತ್ತದೆ. ಅದನ್ನು ಕರಗಿಸುವುದು ಸಿಸ್ಟೀನ್ ಅನ್ನುವ ಅಮೈನೋ ಆಮ್ಲ. ಶೇ. 2ರ ದ್ರಾವಣ, ಪಿಎಚ್ 7.8, ಅವತ್ತೇ ಮಾಡಿದ್ದು. ನಿನ್ನೆಯದು ಕೆಲಸ ಮಾಡುವುದಿಲ್ಲ.

ಗಡಿಯಾರಕ್ಕಿಂತ ಬೀಕರ್ ನೋಡಿ. ಮೊದಲು ಮೊಟ್ಟೆಗಳು ಒಂದರಿಂದ ಒಂದು ದೂರ ತೇಲಿದ ಹಾಗೆ ನಿಂತಿರುತ್ತವೆ. ನಾಲ್ಕೈದು ನಿಮಿಷಕ್ಕೆ ಲೋಳೆ ಕರಗಿ, ಇಡೀ ರಾಶಿ ತಟ್ಟನೆ ಕುಸಿದು ಸಂದಿಲ್ಲದೆ ಒತ್ತಾಗಿ ಕೂರುತ್ತದೆ. ಅರ್ಧ ಬೀಕರ್ ತುಂಬಿದ್ದದ್ದು ತಳಕ್ಕೆ ಇಳಿದಿರುತ್ತದೆ. ಆ ಕ್ಷಣ ಸಿಸ್ಟೀನ್ ಬಗ್ಗಿಸಿ. 10 ನಿಮಿಷ ದಾಟಿದರೆ ಮೊಟ್ಟೆಯೇ ಒಡೆಯಲು ಶುರುವಾಗುತ್ತದೆ. ಆಮೇಲೆ ಉಪ್ಪಿನ ಬಫರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ. ಲೋಳೆ ಇಲ್ಲದ ಮೊಟ್ಟೆ ಬಹಳ ನಾಜೂಕು. ಬಫರನ್ನು ಮೇಲಿಂದ ಸುರಿಯದೆ ಬೀಕರ್ ಗೋಡೆಗೆ ತಾಗಿಸಿ ಇಳಿಸಿ.

4. ಎಬ್ಬಿಸುವುದು

ಇಟ್ಟ ಮೊಟ್ಟೆ ಎರಡನೇ ಮಿಯಾಸಿಸ್‌ನ ನಡುವೆ ಉಸಿರು ಹಿಡಿದು ನಿಂತಿರುತ್ತದೆ. ವೀರ್ಯಾಣು ಬಂದಾಗ ಒಳಗೆ ಕ್ಯಾಲ್ಸಿಯಂ ಅಲೆ ಏಳುತ್ತದೆ, ಮೊಟ್ಟೆ ಎಚ್ಚರಗೊಳ್ಳುತ್ತದೆ. ನಾವು ವೀರ್ಯಾಣು ಬದಲು ಎ23187 ಅನ್ನುವ ಔಷಧ ಬಳಸುತ್ತೇವೆ. ಕ್ಯಾಲ್ಸಿಯಂ ಪೊರೆ ದಾಟಲು ದಾರಿ ಮಾಡಿಕೊಡುವುದು ಅದರ ಕೆಲಸ. 5 ನಿಮಿಷ ಸಾಕು. ಕಪ್ಪು ಭಾಗ ಟೋಪಿ ಬಿಗಿದ ಹಾಗೆ ಮೇಲಕ್ಕೆ ಕುಗ್ಗಿದರೆ ಎದ್ದಿತು ಅಂತ ಅರ್ಥ. ಕುಗ್ಗಲೇ ಇಲ್ಲ ಅಂದರೆ ಮುಂದಕ್ಕೆ ಹೋಗಬೇಡಿ.

ಇಲ್ಲಿಂದ ಗಡಿಯಾರ ಓಡುತ್ತಿರುತ್ತದೆ. ಸುಮ್ನೆ ಬಿಟ್ಟರೆ ಮೊಟ್ಟೆ ಸುಮಾರು 90 ನಿಮಿಷಕ್ಕೆ ಮೊದಲ ವಿಭಜನೆಗೆ ಹೋಗುತ್ತದೆ. ಔಷಧ ತೊಳೆದು ಬೇಗ ಐಸ್ ಸೇರಿಸಿ.

5. ಒಡೆಯುವುದು

ತಣ್ಣನೆಯ ಬಫರಿನಲ್ಲಿ ತೊಳೆದು, ಟ್ಯೂಬಿಗೆ ತುಂಬಿ, ಮೊದಲು ಮೆಲ್ಲಗೆ ತಿರುಗಿಸಿ: 200 ಜಿ (ಅಂದರೆ ಭೂಮಿಯ ಸೆಳೆತದ 200 ಪಟ್ಟು), 1 ನಿಮಿಷ. ಮೊಟ್ಟೆ ಒಡೆಯುವುದಿಲ್ಲ, ಒತ್ತಾಗಿ ಕೂರುತ್ತದೆ. ಮೇಲೆ ನಿಂತ ಬಫರನ್ನು ಪೂರ್ತಿ ತೆಗೆಯಿರಿ. ಪೂರ್ತಿ ಅಂದರೆ ಪೂರ್ತಿ. 'ಏನೂ ಆಗಲಿಲ್ಲ' ಅನ್ನುವವರಲ್ಲಿ ಬಹುಪಾಲು ಜನ ತಪ್ಪುವುದು ಇಲ್ಲೇ ಅಂತ ನನ್ನ ಅನುಭವ. ಸಾರ ತೆಳ್ಳಗಾದರೆ ನಕಲು ನಿಲ್ಲುತ್ತದೆ. ಆಮೇಲೆ ಏನು ಬೆರೆಸಿದರೂ ಸರಿಯಾಗುವುದಿಲ್ಲ.

ಆಮೇಲೆ ಜೋರಾಗಿ: 10,000 ಜಿ, 10 ನಿಮಿಷ, 4 ಡಿಗ್ರಿ. ಟ್ಯೂಬ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗಟ್ಟಿಯಾದ ಬಂಡಾರ (ಭ್ರೂಣಕ್ಕೆ ಆಹಾರವಾಗುವ ಯೋಕ್) ಮತ್ತು ಕಪ್ಪು ಬಣ್ಣ. ಮೇಲೆ ಹಳದಿ ಕೊಬ್ಬಿನ ಮುಚ್ಚಳ. ನಡುವೆ ತಿಳಿ ಜೇನಿನ ಬಣ್ಣದ ದ್ರವ. ಬೇಳೆ ಸಾರಿನಲ್ಲಿ ಮೇಲಿನ ತಿಳಿ ಬಗ್ಗಿಸಿಕೊಳ್ಳುತ್ತೀರಲ್ಲ, ಇಲ್ಲಿ ಹಾಗೆ ಮಾಡಿದರೆ ಕೊಬ್ಬು ಬರುತ್ತದೆ. ನಮಗೆ ಬೇಕಿರುವುದು ನಡುವಿನ ಪದರ. ಟ್ಯೂಬಿನ ಪಕ್ಕಕ್ಕೆ, ಬಂಡಾರದ ಸ್ವಲ್ಪ ಮೇಲೆ, ಸಿರಿಂಜಿನ ಸೂಜಿ ಚುಚ್ಚಿ ನಿಧಾನಕ್ಕೆ ಎಳೆಯಿರಿ. ಸೂಜಿಯ ಬಾಯಿ ಮೇಲ್ಮುಖವಾಗಿರಲಿ. ಕಪ್ಪು ಕಾಣಿಸಿದ ತಕ್ಷಣ ನಿಲ್ಲಿಸಿ. ಕೊನೆಯ ಎರಡು ಹನಿಯ ಆಸೆಗೆ ನಾನು ಒಮ್ಮೆ ಇಡೀ ಸಿರಿಂಜ್ ಕಪ್ಪು ಮಾಡಿಕೊಂಡಿದ್ದೇನೆ.

ಸಿಕ್ಕ ಸಾರಕ್ಕೆ ಸೈಟೋಕಲಾಸಿನ್ ಬಿ ಹಾಕಿ, ಇಲ್ಲದಿದ್ದರೆ ಆಕ್ಟಿನ್ ನೂಲುಗಳು ಹೆಣೆದುಕೊಂಡು ಸಾರ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ಪ್ರೋಟೀನ್ ಚೂರಾಗದ ಹಾಗೆ ತಡೆಯುವ ಔಷಧಗಳನ್ನೂ ಹಾಕಿ ಐಸಿನಲ್ಲಿಡಿ. ಒಂದು ಒಳ್ಳೆಯ ಕಪ್ಪೆಯಿಂದ 1 ಮಿ.ಲೀ. ಸುಮಾರು ಸಿಕ್ಕರೆ ತೃಪ್ತಿಪಡಿ. ಇಡಬೇಕೆಂದಿದ್ದರೆ ಸ್ವಲ್ಪ ಗ್ಲಿಸರಾಲ್ ಸೇರಿಸಿ, 20 ಮೈಕ್ರೋಲೀಟರಿನ ಹನಿಗಳನ್ನು ದ್ರವ ಸಾರಜನಕಕ್ಕೆ ಬಿಡಿ. ಬೂಂದಿ ಕಾಳಿನ ಹಾಗೆ ಗುಂಡಗೆ ಗಟ್ಟಿಯಾಗುತ್ತವೆ.

6. ನಕಲು ನಡೆಸುವುದು

ಸಾರಕ್ಕೆ ಮೂರು ಸಂಗತಿ ಸೇರಿಸಬೇಕು. ಒಂದು, ಶಕ್ತಿ: ಕ್ರಿಯಾಟಿನ್ ಫಾಸ್ಫೇಟ್ 25 ಮಿಲಿಮೋಲಾರ್, ಜೊತೆಗೆ ಅದರ ಕಿಣ್ವ. ಎರಡು, ಸೈಕ್ಲೋಹೆಕ್ಸಿಮೈಡ್, ಮಿ.ಲೀ.ಗೆ 250 ಮೈಕ್ರೋಗ್ರಾಂ. ಇದು ಹೊಸ ಪ್ರೋಟೀನ್ ತಯಾರಿ ನಿಲ್ಲಿಸುತ್ತದೆ. ಕೋಶವನ್ನು ವಿಭಜನೆಗೆ ತಳ್ಳುವ ಸೈಕ್ಲಿನ್ ಅನ್ನುವ ಪ್ರೋಟೀನ್ ತಯಾರಾಗದಿದ್ದರೆ ಸಾರ ವಿಭಜನೆಯ ಹಂತಕ್ಕೆ ಜಾರುವುದಿಲ್ಲ. ನಕಲಿಗೆ ಹೊಸ ಪ್ರೋಟೀನ್ ಬೇಡವೇ? ಬೇಡ, ಎಲ್ಲ ದಾಸ್ತಾನು ಇದೆ ಅಂದೆನಲ್ಲ. ಮೂರು, ಪೊರೆ ಬಿಡಿಸಿದ ಕಪ್ಪೆಯ ವೀರ್ಯಾಣು ನ್ಯೂಕ್ಲಿಯಸ್. ಒಂದರಲ್ಲಿ ಸುಮಾರು 3 ಪಿಕೋಗ್ರಾಂ ಡಿಎನ್‌ಎ. ಮೈಕ್ರೋಲೀಟರಿಗೆ 3,000 ಹಾಕಿದರೆ 10 ನ್ಯಾನೋಗ್ರಾಂ ಹತ್ತಿರ. ಅಷ್ಟು ಸಾಕು.

ಜಾಸ್ತಿ ಹಾಕಿದರೆ ಜಾಸ್ತಿ ಸಿಗ್ನಲ್ ಬರುತ್ತದೆ ಅಂದುಕೊಳ್ಳಬೇಡಿ. ನಿಜವಾದ ಭ್ರೂಣ ನೋಡಿ. 12 ವಿಭಜನೆ, ಸುಮಾರು 4,000 ಕೋಶ ಆಗುವ ತನಕ ಎಲ್ಲವೂ ಅರ್ಧ ಗಂಟೆಗೊಮ್ಮೆ ಒಟ್ಟಿಗೆ ವಿಭಜಿಸುತ್ತವೆ. ಆಮೇಲೆ ಓಟ ನಿಧಾನವಾಗುತ್ತದೆ. ನ್ಯೂಪೋರ್ಟ್ ಮತ್ತು ಕಿರ್ಷ್ನರ್ 1982ರಲ್ಲಿ ಇದನ್ನು ವಿವರಿಸಿದರು. 2013ರಲ್ಲಿ ಇನ್ನೊಂದು ತಂಡ ಕಾರಣದ ಒಂದು ತುದಿ ಹಿಡಿಯಿತು: ನಕಲು ಶುರು ಮಾಡುವ ನಾಲ್ಕು ಪ್ರೋಟೀನುಗಳು ಹೆಚ್ಚುತ್ತಿರುವ ಡಿಎನ್‌ಎಗೆ ಸಾಲದೇ ಹೋಗುತ್ತವೆ. ಟ್ಯೂಬಿನಲ್ಲಿ ನ್ಯೂಕ್ಲಿಯಸ್ ಸುರಿದರೆ ನೀವೂ ಅದೇ ಕೊರತೆ ತಂದುಕೊಳ್ಳುತ್ತೀರಿ.

ಟ್ಯೂಬನ್ನು 23 ಡಿಗ್ರಿಯಲ್ಲಿಡಿ. ಎಷ್ಟೋ ಕಡೆ 'ಕೋಣೆಯ ಉಷ್ಣತೆ' ಅಂತ ಬರೆದಿರುತ್ತಾರೆ. ಅದು ಕೇಂಬ್ರಿಡ್ಜಿನ ಕೋಣೆ. ಮೇ ತಿಂಗಳ ಕಲಬುರಗಿಯದ್ದಲ್ಲ. ವಾಟರ್ ಬಾತ್ ಬಳಸಿ.

ಪ್ರತಿ 10 ನಿಮಿಷಕ್ಕೆ ಒಂದು ಹನಿ ತೆಗೆದು, ಡಿಎನ್‌ಎಗೆ ಹತ್ತುವ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಮೊದಲು ವೀರ್ಯಾಣು ಸಣ್ಣ ಕೊಂಕಿದ ದಾರದ ಚೂರಿನ ಹಾಗಿರುತ್ತದೆ. 10 ನಿಮಿಷಕ್ಕೆ ಊದಿ ದಪ್ಪ ಹುಳುವಿನ ಹಾಗಾಗುತ್ತದೆ. 30 ನಿಮಿಷದ ಹೊತ್ತಿಗೆ ಸುತ್ತ ಪೊರೆ ಕಟ್ಟಿಕೊಂಡು ದುಂಡಗಾಗತೊಡಗುತ್ತದೆ, ನಕಲು ಶುರುವಾಗುವುದು ಆಗ. 90 ನಿಮಿಷಕ್ಕೆ ಬಹುಮಟ್ಟಿಗೆ ಮುಗಿದಿರುತ್ತದೆ. ಪೊರೆ ಕಟ್ಟದಿದ್ದರೆ ನಕಲೂ ಇಲ್ಲ. ಹಾಗಾಗಿ ಈ ನೋಟವೇ ನಿಮ್ಮ ಮೊದಲ ಪರೀಕ್ಷೆ, ಖರ್ಚಿಲ್ಲದ್ದು.

ಒಂದು ಸುತ್ತಿನಲ್ಲಿ ನಕಲು ಒಂದೇ ಸಲ ಏಕೆ? ಪೊರೆ ಕಟ್ಟುವ ಮೊದಲು ಎಂಸಿಎಂ ಅನ್ನುವ ಉಂಗುರದಂಥ ಪ್ರೋಟೀನುಗಳು ಡಿಎನ್‌ಎ ಮೇಲೆ ಕೂರುತ್ತವೆ. ಇದಕ್ಕೆ ಲೈಸೆನ್ಸಿಂಗ್ ಅಂತ ಹೆಸರು. ನಕಲು ಹೊರಟ ಮೇಲೆ ಹೊಸ ಉಂಗುರ ಕೂರುವ ಹಾಗಿಲ್ಲ. ಬಸ್ ಹೊರಟ ಮೇಲೆ ಟಿಕೆಟ್ ಕೌಂಟರ್ ಮುಚ್ಚಿದ ಹಾಗೆ. ಬ್ಲೋ ಮತ್ತು ಲಾಸ್ಕಿ 1988ರಲ್ಲಿ ಈ ಲೈಸೆನ್ಸ್ ಕಲ್ಪನೆ ಮುಂದಿಟ್ಟದ್ದು ಇಂಥದೇ ಸಾರದಲ್ಲಿ ಕೆಲಸ ಮಾಡಿ. ಆ ಕೌಂಟರ್ ಮುಚ್ಚುವ ಜೆಮಿನಿನ್ ಪ್ರೋಟೀನು 1998ರಲ್ಲಿ ಸಿಕ್ಕಿದ್ದೂ ಕಪ್ಪೆ ಮೊಟ್ಟೆಯ ಸಾರದಲ್ಲೇ.

7. ಅಳೆಯುವುದು, ಲೆಕ್ಕ ಹಾಕುವುದು

ಸಾರಕ್ಕೆ ಗುರುತು ಹಚ್ಚಿದ ಡಿಎನ್‌ಎ ಅಕ್ಷರವನ್ನು ಒಂಚೂರು ಹಾಕಿದರೆ, ಹೊಸದಾಗಿ ತಯಾರಾದ ಡಿಎನ್‌ಎಯಲ್ಲಿ ಅದು ಸೇರುತ್ತದೆ. ವಿಕಿರಣ ಸೂಸುವ ಫಾಸ್ಫರಸ್ ಹೆಚ್ಚು ನಿಖರ, ಆದರೆ ಅದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇರುವ ಲ್ಯಾಬ್ ಬೇಕು. ಹೊಳೆಯುವ ಬಣ್ಣ ಹಚ್ಚಿದ ಅಕ್ಷರದಲ್ಲಿ ಪ್ರಮಾಣ ಅಷ್ಟು ಚೆನ್ನಾಗಿ ಬರುವುದಿಲ್ಲ. ನಡೆಯಿತೋ ಇಲ್ಲವೋ ಗೊತ್ತಾಗಲು ಸಾಕು.

ಲೆಕ್ಕ ಹೀಗೆ. ಸಾರದಲ್ಲಿ ಮೊದಲೇ ನಾಲ್ಕೂ ಅಕ್ಷರ ತಲಾ ಸುಮಾರು 50 ಮೈಕ್ರೋಮೋಲಾರ್ ಇರುತ್ತವೆ. ಅಷ್ಟೂ ಡಿಎನ್‌ಎ ಆದರೆ ಮೈಕ್ರೋಲೀಟರಿಗೆ 65.4 ನ್ಯಾನೋಗ್ರಾಂ. ಹಾಗಾಗಿ ನೀವು ಹಾಕಿದ ಗುರುತಿನಲ್ಲಿ ಶೇ. 1ರಷ್ಟು ಡಿಎನ್‌ಎ ಸೇರಿದರೆ ತಯಾರಾದದ್ದು 0.654 ನ್ಯಾನೋಗ್ರಾಂ. ಶೇ. 7.6 ಸೇರಿತು ಅನ್ನಿ, ಗುಣಿಸಿದರೆ ಸುಮಾರು 5 ನ್ಯಾನೋಗ್ರಾಂ. ನೀವು ಹಾಕಿದ್ದು 10. ಅಂದರೆ ಅರ್ಧ ನಕಲಾಗಿದೆ. ಪೂರ್ತಿ ಆಗಿದ್ದರೆ ಶೇ. 15.3 ಬರಬೇಕಿತ್ತು. ಶೇ. 130 ನಕಲಾಯಿತು ಅಂತ ಬಂದರೆ ಖುಷಿಪಡಬೇಡಿ, ವೀರ್ಯಾಣು ಎಣಿಸುವುದರಲ್ಲಿ ತಪ್ಪಿದ್ದೀರಿ.

ಪಕ್ಕದಲ್ಲಿ ಮೂರು ಟ್ಯೂಬ್ ಇಡದೆ ಈ ಅಂಕಿಯನ್ನು ಯಾರಿಗೂ ತೋರಿಸಬೇಡಿ. ಒಂದರಲ್ಲಿ ವೀರ್ಯಾಣು ಇಲ್ಲ. ಒಂದರಲ್ಲಿ ಅಫಿಡಿಕೋಲಿನ್, ಅದು ನಕಲು ಯಂತ್ರವನ್ನೇ ನಿಲ್ಲಿಸುತ್ತದೆ. ಇನ್ನೊಂದರಲ್ಲಿ ಜೆಮಿನಿನ್. ಜೆಮಿನಿನ್ ಟ್ಯೂಬಿನಲ್ಲೂ ಅಂಕಿ ಏರಿದರೆ ನೀವು ನೋಡುತ್ತಿರುವುದು ನಕಲಲ್ಲ, ಮುರಿದ ಡಿಎನ್‌ಎಯ ರಿಪೇರಿ. ಜೆಮಿನಿನ್ನನ್ನು ವೀರ್ಯಾಣುವಿಗಿಂತ ಮೊದಲೇ ಹಾಕಬೇಕು. ಉಂಗುರ ಕೂತ ಮೇಲೆ ಹಾಕಿದರೆ ದಂಡ.

ಏನೂ ಆಗದಿದ್ದರೆ

ಈ ಕ್ರಮದಲ್ಲಿ ಹುಡುಕಿ. ವೀರ್ಯಾಣು ಊದಲೇ ಇಲ್ಲವೇ? ಬಹುಶಃ ವೀರ್ಯಾಣು ತಯಾರಿಯೇ ಸರಿಯಿಲ್ಲ, ಬೇರೆಯವರ ಸಾರದಲ್ಲಿ ಅದನ್ನು ಹಾಕಿ ನೋಡಿ. ಊದಿತು, ಪೊರೆ ಕಟ್ಟಲಿಲ್ಲವೇ? ಸಾರ ತೆಳ್ಳಗಾಗಿದೆ, ಅಥವಾ ಮೊಟ್ಟೆ ಸರಿಯಾಗಿ ಎದ್ದಿರಲಿಲ್ಲ. ಪೊರೆಯೂ ಕಟ್ಟಿ ದುಂಡಗಾಗಿ, ಗುರುತು ಮಾತ್ರ ಸೇರದಿದ್ದರೆ ಶಕ್ತಿಯ ಮಿಶ್ರಣ ಹಳೆಯದು, ಹೊಸದು ಮಾಡಿ. ನ್ಯೂಕ್ಲಿಯಸ್ ಕಟ್ಟಿಕೊಂಡು, ಚೆದುರಿ, ನೀಲಿ ಚುಕ್ಕೆಗಳ ರಾಶಿಯಾದರೆ ಸಾರ ಸಾಯುತ್ತಿದೆ. ಎರಡನೇ ಹಂತದಲ್ಲಿ ಬಿಸಾಡಬೇಕಿದ್ದ ಮೊಟ್ಟೆಯನ್ನು ನೀವು ಬಿಸಾಡಿಲ್ಲ. ಅದಕ್ಕೆ ಮದ್ದಿಲ್ಲ, ಇನ್ನೊಂದು ಕಪ್ಪೆ ನೋಡಿ.

ಮೊಟ್ಟೆ ಇಟ್ಟ ಕಪ್ಪೆಯನ್ನು ಅವತ್ತೇ ತೊಟ್ಟಿಗೆ ಬಿಡಿ. ತೊಟ್ಟಿಯ ಮೇಲೆ ತಾರೀಕು ಬರೆದು ಅಂಟಿಸಿ. ಕಡಿಮೆಯೆಂದರೂ ಮೂರು ತಿಂಗಳು ಅದನ್ನು ಮುಟ್ಟುವ ಹಾಗಿಲ್ಲ.